ಉಳಿದ ಪ್ರಕರಣಗಳೂ ಹೀಗೆಯೇ

ಇವತ್ತು ಸೋಮವಾರ. ಮುಂಜಾನೆ ಕಾಲೇಜಿಗೆ ಬಂದವಳೇ ಒಂದು ಹಳೆಯ ನೀಲಿ ರಟ್ಟಿನ ಪುಸ್ತಕ ತೆರೆದೆ. ತೆರೆದವಳೇ ಒಂದರ ಹಿಂದೊಂದು ಸೀನತೊಡಗಿದೆ. ವರಾಂಡ ಗುಡಿಸುತ್ತಿದ್ದ ಆಯಾ ಬಾಗಿಲಲ್ಲಿ ಇಣುಕಿ, "ಒಳಗ ಒಗ್ಗರಣಿ ಹಾಕೀರೇನ್ರಿ ಮೇಡಂ?" ಎಂದು ಕೇಳಿದಳು. ಅವಳದೇನೂ ತಪ್ಪಿಲ್ಲ. ಪುಸ್ತಕದಿಂದ ಬರುತ್ತಿದ್ದದ್ದು ಖರೇ ಖರೇ ಒಣಮೆಣಸಿನಕಾಯಿಯ ಘಾಟು. ಹದಿನೆಂಟು ವರ್ಷ ಅದು ಬ್ಯಾಡಗಿಯ ಒಂದು ಮನೆಯ ಅಟ್ಟದ ಮೇಲೆ ಮೆಣಸಿನಕಾಯಿ ಚೀಲದ ಮಗ್ಗುಲಲ್ಲಿ ಮಲಗಿತ್ತು. ಬ್ಯಾಡಗಿಯಲ್ಲಿ ಯಾರ ಮನೆಯ ಪುಸ್ತಕವಾದರೂ ಇಷ್ಟೇ ನೋಡಿ, ತೆರೆದರೆ ಮೊದಲು ಮೂಗಿಗೆ ತಿಳಿಯುತ್ತದೆ, ಆಮೇಲೆ ಕಣ್ಣಿಗೆ. ಮೊನ್ನೆ ಶನಿವಾರ ಅದನ್ನು ಹೊತ್ತು ತಂದೆ. ಅದು ನಾನೇ ಬರೆದ ಥೀಸಿಸ್ಸು. ಒಂದು ವಾರದ ಹಿಂದೆ ಕೇಳಿದ್ದರೆ ಅದರ ಬಗ್ಗೆ ನಿಮ್ಮ ಮುಂದೆ ಎದೆ ಉಬ್ಬಿಸಿ ಹೇಳುತ್ತಿದ್ದೆ. ಈಗ ಹೇಳುವುದೇ ಬೇರೆ ಇದೆ. ಸ್ವಲ್ಪ ಕೂತುಕೊಳ್ಳಿ.

ನಾನು ಪಿಎಚ್‌.ಡಿ. ಮಾಡಿದ್ದು ಪ್ರೋಗ್ರಾಮಿಂಗ್ ಭಾಷೆಗಳ ಮೇಲೆ. ಕಂಪ್ಯೂಟರಿಗೆ ಕೆಲಸ ಹೇಳಲು ಒಂದು ಭಾಷೆ ಬೇಕಲ್ಲ, ಆ ಭಾಷೆಯಲ್ಲಿ ಯಾವ ಮಾತು ಆಡಬಹುದು, ಯಾವುದನ್ನು ಆಡಕೂಡದು, ಆಡಬಾರದ್ದನ್ನು ಆಡಿದರೆ ಕೆಲಸ ಶುರುವಾಗುವ ಮೊದಲೇ ಕಿವಿ ಹಿಂಡುವುದು ಹೇಗೆ, ಇದು ನನ್ನ ವಿಷಯ. ಇದನ್ನು ಹಾವೇರಿಯ ನಮ್ಮ ಓಣಿಯಲ್ಲಿ ತಿಳಿಸಿ ಹೇಳಲು ಹೋಗಿ ನಾನು ಸುಸ್ತಾಗಿದ್ದೇನೆ. ನಮ್ಮ ಅತ್ತೆಯವರು ಮಾತ್ರ ಸುಸ್ತಾಗಲಿಲ್ಲ, "ನಮ್ಮ ಸೊಸಿ ಭಾಷಾದಾಗ ಡಾಕ್ಟರ್ ಅದಾಳ" ಎಂದು ಎಲ್ಲರಿಗೂ ಹೇಳಿಬಿಟ್ಟರು. ಹೀಗಾಗಿ ಒಬ್ಬರು ಮಗಳನ್ನು ಇಂಗ್ಲಿಷ್ ಟ್ಯೂಷನ್ನಿಗೆ ಕರೆತಂದರು, ಇನ್ನೊಬ್ಬರು ಗಂಟಲು ನೋವಿಗೆ ಗುಳಿಗೆ ಕೇಳಿದರು. ಎದುರು ಮನೆಯ ಅಜ್ಜಿಯೊಬ್ಬರು, "ಹೊಸಾ ಭಾಷಾ ಕಟ್ಟೀದಿ ಅಂತಲ್ಲವ್ವಾ, ಯಾರ್ ಮಾತಾಡ್ತಾರ ಅದನ್ನ?" ಎಂದರು. "ಇನ್ನೂ ಯಾರೂ ಇಲ್ರಿ ಅಜ್ಜಿ" ಎಂದೆ. ಅವರಿಗೆ ನನ್ನ ಮೇಲೆ ಕನಿಕರ ಹುಟ್ಟಿತು. ಅಂದಿನಿಂದ ಕರಿದದ್ದೇನಾದರೂ ಮಾಡಿದರೆ ನನಗೊಂದು ಬಟ್ಟಲು ಕಳಿಸುತ್ತಾರೆ.

ಆ ಭಾಷೆ ಹುಟ್ಟಿದ್ದು ಬ್ಯಾಡಗಿಯಲ್ಲಿ, ದಸ್ತಗೀರ್ ಸರ್ ಮನೆಯ ಕಟ್ಟೆಯ ಮೇಲೆ. ಸರ್ ನನ್ನ ಗೈಡು. ಮನೆತನದ್ದು ಮೆಣಸಿನಕಾಯಿ ವ್ಯಾಪಾರ. ಅಣ್ಣತಮ್ಮಂದಿರೆಲ್ಲ ಪೇಟೆಯಲ್ಲಿ ಕೂತರೆ ಇವರೊಬ್ಬರು ಗಣಿತ ಹಿಡಿದರು, ಗಣಿತದಿಂದ ಕಂಪ್ಯೂಟರಿಗೆ ಬಂದರು. ಮನೆಯಲ್ಲಿ ಹೆಂಡತಿಯ ಜೊತೆ ಉರ್ದು, ನನ್ನ ಜೊತೆ ನಮ್ಮ ಕನ್ನಡ, ಲೆಕ್ಕದ ಮುಂದೆ ಕೂತರೆ ಎರಡೂ ಬಂದ್. ಪ್ರತಿ ರವಿವಾರ ನಾನು ಹಾವೇರಿಯಿಂದ ಬಸ್ಸು ಹಿಡಿದು, ಬರೆದ ಹಾಳೆಗಳನ್ನು ಎದೆಗವಚಿಕೊಂಡು ಹೋಗುತ್ತಿದ್ದೆ. ಸರ್ ಒಂದು ಮರದ ಅಳತೆಪಟ್ಟಿಯನ್ನು ಸಾಲಿನ ಕೆಳಗೆ ಇಟ್ಟು ಓದುವವರು. ಒಂದು ಸಾಲು ಒಪ್ಪಿಗೆಯಾದರೆ ಮಾತ್ರ ಪಟ್ಟಿ ಕೆಳಗಿಳಿಯುತ್ತಿತ್ತು. ಒಪ್ಪಿಗೆಯಾಗದಿದ್ದರೆ ಪಟ್ಟಿಯನ್ನು ಅಲ್ಲೇ ನಿಲ್ಲಿಸಿ, ಅಂಚಿನಲ್ಲಿ ಪೆನ್ಸಿಲಿನಿಂದ ಒಂದೇ ಶಬ್ದ ಬರೆಯುತ್ತಿದ್ದರು: "ಯಾಕ?" ಕೆಲವು ರವಿವಾರ ನನ್ನ ಹಾಳೆಯಲ್ಲಿ ನನ್ನ ಅಕ್ಷರಕ್ಕಿಂತ "ಯಾಕ"ಗಳೇ ಹೆಚ್ಚಾಗಿ, ವಾಪಸು ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಅತ್ತದ್ದೂ ಇದೆ. ಮಗ್ಗುಲಲ್ಲಿ ಕೂತವರು ಮೆಣಸಿನಕಾಯಿ ಘಾಟಿಗೆ ಎಂದುಕೊಳ್ಳುತ್ತಿದ್ದರು, ನಾನೂ ಅಲ್ಲವೆನ್ನುತ್ತಿರಲಿಲ್ಲ. ಸರ್ ಹೆಂಡತಿಯನ್ನು ನಾನು ಚಾಚಿ ಎಂದೇ ಕರೆಯುವುದು. ಅವರು ಒಳಗಿನಿಂದ ಚಹಾ ತಂದು, "ಹುಡುಗಿನ್ನ ಊಟಕ್ಕರೆ ಬಿಡ್ರಿ" ಎಂದು ಜಗಳ ಮಾಡಿದ ಮೇಲೆಯೇ ನನಗೆ ಬಿಡುಗಡೆ.

ನಮ್ಮ ಭಾಷೆಗೆ ಉದ್ದನೆಯ ಇಂಗ್ಲಿಷ್ ಹೆಸರೊಂದಿತ್ತು. ಸರ್ ಕರೆಯುತ್ತಿದ್ದದ್ದು "ಚೀಟಿ ಭಾಷಾ" ಅಂತ. ವಿಷಯ ಸರಳ. ಬ್ಯಾಡಗಿಯ ಕೋಲ್ಡ್ ಸ್ಟೋರೇಜಿನಲ್ಲಿ ರೈತರೋ ವ್ಯಾಪಾರಿಯೋ ಮೆಣಸಿನಕಾಯಿ ಚೀಲ ಇಟ್ಟರೆ ಒಂದು ಚೀಟಿ ಕೊಡುತ್ತಾರೆ. ಚೀಟಿ ತಂದು ಕೊಟ್ಟರೆ ಚೀಲ ಹೊರಗೆ ಬರುತ್ತದೆ, ಚೀಟಿಯನ್ನು ಹರಿದು ಹಾಕುತ್ತಾರೆ. ಒಂದು ಚೀಟಿಗೆ ಒಂದೇ ಸಲ ಚೀಲ. ಕಂಪ್ಯೂಟರಿನೊಳಗೆ ಕಾಗದ ಹರಿಯಲು ಬರುವುದಿಲ್ಲ. ಅಲ್ಲಿ ಒಂದು ಚೀಟಿಯ ನೂರು ನಕಲು ಕಣ್ಣು ಪಿಳುಕಿಸುವುದರಲ್ಲಿ ಆಗುತ್ತವೆ. ಆದ್ದರಿಂದ ಭಾಷೆಯನ್ನೇ ಹಾಗೆ ಕಟ್ಟಬೇಕು, ಒಮ್ಮೆ ಕೊಟ್ಟ ಚೀಟಿಯ ಹೆಸರನ್ನು ಎರಡನೆಯ ಸಲ ಬರೆದರೆ "ಇದು ನಡೆಯೋದಿಲ್ಲ" ಎಂದು ತಪಾಸಣೆಯಲ್ಲೇ ಪ್ರೋಗ್ರಾಮು ನಪಾಸಾಗಬೇಕು. ಅಂಥ ಭಾಷೆ ಕಟ್ಟಿದೆವು. ಕಟ್ಟಿ, ಒಂದು ಪ್ರಮೇಯ ಸಾಧಿಸಿದೆವು: ತಪಾಸಣೆಯಲ್ಲಿ ಪಾಸಾದ ಪ್ರೋಗ್ರಾಮು ಒಂದೇ ಚೀಲವನ್ನು ಎಂದೆಂದೂ ಎರಡು ಸಲ ಹೊರಗೆ ಕೊಡುವುದಿಲ್ಲ. ಜರ್ನಲ್ಲಿನಲ್ಲಿ ಬಂತು. ಎಲ್ಲೆಲ್ಲಿಯವರೋ ಅದನ್ನು ಓದಿ, ಅದರ ಮೇಲೆ ತಮ್ಮದೊಂದು ಮಾಳಿಗೆ ಕಟ್ಟಿಕೊಂಡರು. ನನಗೆ ನೌಕರಿ ಸಿಕ್ಕಿದ್ದು ಅದರಿಂದ, ಕೋಣೆಯ ಬಾಗಿಲಿಗೆ ಹಿತ್ತಾಳೆಯ ಹೆಸರು ಬಂದದ್ದು ಅದರಿಂದ, ವಿದ್ಯಾರ್ಥಿಗಳ ಮುಂದೆ ಮೂಗು ಮೇಲೆ ಮಾಡಿ ಓಡಾಡಿದ್ದೂ ಅದರಿಂದಲೇ.

ಇಲ್ಲಿ ನಮ್ಮ ಕಸುಬಿನ ಒಂದು ಕೆಟ್ಟ ಚಟ ಹೇಳಿಬಿಡುತ್ತೇನೆ. ನಮ್ಮ ಭಾಷೆಯಲ್ಲಿ ಒಟ್ಟು ಹದಿಮೂರು ತರದ ವಾಕ್ಯಗಳಿದ್ದವು. ಪ್ರಮೇಯ ಸಾಧಿಸುವುದೆಂದರೆ ಹದಿಮೂರಕ್ಕೂ ಬೇರೆ ಬೇರೆಯಾಗಿ, ಇಲ್ಲಿ ತಪ್ಪು ನುಸುಳುವುದಿಲ್ಲ, ಇಲ್ಲೂ ನುಸುಳುವುದಿಲ್ಲ ಎಂದು ತೋರಿಸಬೇಕು. ಮಹಾ ಬೇಸರದ ಕೆಲಸ, ಕಲ್ಲು ಆರಿಸಿದ ಅಕ್ಕಿಯನ್ನು ಮತ್ತೆ ಮತ್ತೆ ಆರಿಸಿದ ಹಾಗೆ. ಹಾಗಾಗಿ ನಾವು ಎರಡೋ ಮೂರೋ ಪ್ರಕರಣಗಳನ್ನು ಪೂರ್ತಿ ಬರೆದು, ಕೆಳಗೆ "ಉಳಿದ ಪ್ರಕರಣಗಳೂ ಹೀಗೆಯೇ" ಎಂದು ಒಂದು ಸಾಲು ಹಾಕಿ ಕೈ ತೊಳೆದುಕೊಳ್ಳುತ್ತೇವೆ. ಬರೆದವರು ಹಾಕುತ್ತಾರೆ, ಓದಿದವರು ತಲೆ ಅಲ್ಲಾಡಿಸುತ್ತಾರೆ. ಬೇರೆ ಯಾವ ಕಸುಬಿನಲ್ಲಿ ಹೀಗೆ ನಡೆದೀತು ಹೇಳಿ? ಎರಡು ಗುಂಡಿ ಹಚ್ಚಿದ ಟೇಲರ್ "ಉಳಿದ ಗುಂಡಿಗಳೂ ಹೀಗೆಯೇ" ಎಂದು ಚೀಟಿ ಅಂಟಿಸಿ ಅಂಗಿ ಕೊಟ್ಟರೆ ನಾವು ಸುಮ್ಮನಿರುತ್ತೇವೆಯೇ? ನನ್ನ ಥೀಸಿಸ್ಸಿನಲ್ಲಿಯೂ ಆ ಸಾಲು ಇದೆ.

ಈಗ ರೇಣುಕಾಳ ಸುದ್ದಿ. ರೇಣುಕಾ ಗುತ್ತಲದ ಹುಡುಗಿ, ನನ್ನ ಕೈಕೆಳಗೆ ಪಿಎಚ್‌.ಡಿ. ಮಾಡುತ್ತಿದ್ದಾಳೆ. ದಿನಾ ಗುತ್ತಲದ ಬಸ್ಸಿಗೆ ಬಂದು ಸಂಜೆ ಅದೇ ಬಸ್ಸಿಗೆ ಹೋಗುತ್ತಾಳೆ. ಮಾತು ಕಡಿಮೆ. ನಾನು ಹತ್ತು ಮಾತಾಡಿದರೆ ಅವಳದು ಒಂದು "ಹೂಂನ್ರಿ". ಅವಳಿಗೆ ನಾನು ಕೊಟ್ಟ ಕೆಲಸ, ನಮ್ಮ ಚೀಟಿ ಭಾಷೆಯನ್ನು ಇನ್ನಷ್ಟು ಬೆಳೆಸುವುದು. ಅದಕ್ಕೆ ಮೊದಲ ಮೆಟ್ಟಿಲಾಗಿ ನಮ್ಮ ಹಳೆಯ ಪ್ರಮೇಯವನ್ನು ಕಂಪ್ಯೂಟರಿಗೆ ಒಪ್ಪಿಸಬೇಕಿತ್ತು. ಈಗ ಅಂಥ ಸಾಫ್ಟ್‌ವೇರುಗಳಿವೆ, ನೀವು ಬರೆದ ಸಾಧನೆಯನ್ನು ಒಂದೊಂದೇ ಹೆಜ್ಜೆ ತಪಾಸಿಸುತ್ತವೆ. ಅವುಗಳ ಮುಂದೆ "ಉಳಿದವೂ ಹೀಗೆಯೇ" ನಡೆಯುವುದಿಲ್ಲ, ಹದಿಮೂರನ್ನೂ ಬರೆದು ಕೊಡಬೇಕು. ಒಂದೆರಡು ವಾರದ ಕೆಲಸ ಅಂದುಕೊಂಡಿದ್ದೆ, ಮುಗಿಸಿ ಮುಂದೆ ಹೋಗಿರಬೇಕೆಂದು ಮತ್ತೆ ವಿಚಾರಿಸಲೂ ಇಲ್ಲ.

ಹೋದ ಮಂಗಳವಾರ ರೇಣುಕಾ ಬಂದು ನನ್ನ ಮೇಜಿನ ಮುಂದೆ ನಿಂತಳು.

"ಮೇಡಂ, ನಾ ಬಿಡ್ತೇನ್ರಿ."

"ಏನ್ ಬಿಡ್ತಿ?"

"ಪಿಎಚ್‌.ಡಿ. ಬಿಡ್ತೇನ್ರಿ. ರಾಣೆಬೆನ್ನೂರಾಗ ಒಂದ್ ಬೀಜದ ಕಂಪನಿ ಒಳಗ ನೌಕರಿ ಸಿಕ್ಕೈತ್ರಿ. ಬೀಜದ ಪಾಕೀಟಿನ ಲೇಬಲ್ ಕಂಪ್ಯೂಟರಿಗಿ ಹಾಕೂ ಕೆಲಸ. ಸೋಮವಾರ ಬಾ ಅಂದಾರ್ರಿ."

ನಾನು ಹೌಹಾರಿಬಿಟ್ಟೆ. ನನ್ನ ಇಷ್ಟು ವರ್ಷದ ಪಾಠದಲ್ಲಿ ಇಷ್ಟು ಚುರುಕಾದ ಹುಡುಗಿಯನ್ನು ನೋಡಿಲ್ಲ. ಯಾಕೆ ಎಂದು ಕೇಳಿದೆ, ಮನೆಯಲ್ಲಿ ಏನಾದರೂ ತೊಂದರೆಯೇ ಎಂದು ಕೇಳಿದೆ, ಮದುವೆ ಗೊತ್ತಾಯಿತೇ ಎಂದೂ ಕೇಳಿದೆ. ಎಲ್ಲದಕ್ಕೂ ತಲೆ ಅಲ್ಲಾಡಿಸಿ ಕೊನೆಗೆ ಹೇಳಿದಳು: "ನನ್ನ ಕಡಿಂದ ಆಗೂದಿಲ್ರಿ. ಒಂದ್ ವರ್ಷ ಆತು, ಆ ಪ್ರಮೇಯ ಹೊಂದವಲ್ದು. ಎಲ್ಲಿ ತಪ್ಪಾಕತ್ತೇನಿ ಅಂತ ನಂಗ ತಿಳಿವಲ್ದು."

ಒಂದು ವರ್ಷ! "ಒಂದ್ ವರ್ಷ ಸುಮ್ನಿದ್ದೀ ಏನ? ನನ್ನ ಮುಂದ ಹೇಳಾಕ ಏನಾಗಿತ್ತ ಧಾಡಿ?" ಎಂದು ರೇಗಿದೆ. ಅವಳು ನೆಲ ನೋಡುತ್ತಾ, "ಹೇಳಿದ್ನೆಲ್ರಿ" ಎಂದಳು. ಹೇಳಿದ್ದಳಂತೆ. ಕಳೆದ ವರ್ಷ ಇದೇ ಬೇಸಿಗೆಯಲ್ಲಿ ನಾನು ಪರೀಕ್ಷೆ ಪೇಪರು ತಿದ್ದುತ್ತಿದ್ದಾಗ ಬಂದು ಹೇಳಿದ್ದಳಂತೆ. ನಾನು ತಲೆ ಎತ್ತದೆ, "ಆ ಪ್ರಮೇಯ ಇಷ್ಟ ವರ್ಷ ನಿಂತೈತಿ. ಹೊಂದವಲ್ದು ಅಂದ್ರ ನಿಂದ ಎಲ್ಲೋ ತಪ್ಪೈತಿ. ಮತ್ತೊಮ್ಮೆ ನೋಡು" ಅಂದೆನಂತೆ. ಅವಳು ಮತ್ತೊಮ್ಮೆ ನೋಡಿದಳು. ಮುನ್ನೂರು ದಿನ ಮತ್ತೊಮ್ಮೆ ನೋಡಿದಳು.

"ತಾ, ತೋರ್ಸು" ಎಂದೆ. ಅವಳ ತಪ್ಪನ್ನು ಐದು ನಿಮಿಷದಲ್ಲಿ ಹುಡುಕಿ, ಬೈದು, ನಕ್ಕು, ರಾಣೆಬೆನ್ನೂರಿನ ಹುಚ್ಚು ಬಿಡಿಸಿ ಕಳಿಸುವುದು ನನ್ನ ವಿಚಾರ. ಅವಳು ಲ್ಯಾಪ್‌ಟಾಪ್ ತೆರೆದು ಏಳು ಸಾಲಿನ ಒಂದು ಪ್ರೋಗ್ರಾಮು ತೋರಿಸಿದಳು. ನಮ್ಮ ಹದಿಮೂರು ವಾಕ್ಯಗಳಲ್ಲಿ ಒಂದಕ್ಕೆ ಸರ್ "ಎಡವಿದರ" ಎಂದು ಹೆಸರಿಟ್ಟಿದ್ದರು: ಈ ಕೆಲಸ ಮಾಡು, ನಡುವೆ ಎಡವಿದರೆ ಅದನ್ನು ಬಿಟ್ಟು ಆ ಕೆಲಸ ಮಾಡು. ಅವಳ ಏಳು ಸಾಲೂ ಅದರ ಸುತ್ತಲೇ ಇದ್ದವು. ಮೊದಲ ಕೆಲಸದಲ್ಲಿ ಚೀಟಿ ಕೊಟ್ಟು ಚೀಲ ತಗೋ, ತಗೊಂಡ ಮೇಲೆ ಎಡವು. ಎಡವಿದ ಮೇಲಿನ ಕೆಲಸದಲ್ಲಿ ಅದೇ ಚೀಟಿ ಕೊಟ್ಟು ಚೀಲ ತಗೋ. ತಪಾಸಣೆಗೆ ಹಾಕಿದಳು. ಪಾಸು. ಓಡಿಸಿದಳು. ಚೀಲ ಹೊರಗೆ ಬಂತು. ಮತ್ತೊಮ್ಮೆ ಬಂತು. ಅದೇ ನಂಬರಿನ ಚೀಲ. ನಿಯಮ ಕಂಪ್ಯೂಟರಿಗೆ ಹಾಕುವಾಗ ತಾನೇ ಎಲ್ಲೋ ತಪ್ಪಿದೆನೆಂದು ಅವಳ ನಂಬಿಕೆ.

ನಾನು ನಕ್ಕೆ. ಪೆನ್ನು ತಗೊಂಡೆ. ಅರ್ಧ ತಾಸಿನ ಮೇಲೆ ನಗು ನಿಂತಿತ್ತು, ಒಂದು ತಾಸಿನ ಮೇಲೆ ಪೆನ್ನೂ ನಿಂತಿತ್ತು. ಎಡವಿದ ಮೇಲಿನ ಕೆಲಸ ಶುರುವಾಗುವಾಗ ಎಲ್ಲಾ ಚೀಟಿಗಳೂ ಇನ್ನೂ ಕೈಯಲ್ಲೇ ಇವೆ ಎಂದು ನಮ್ಮ ನಿಯಮ ಹೇಳುತ್ತಿತ್ತು. ಎಡವುವ ಮೊದಲೇ ಒಂದು ಚೀಟಿ ಕೈಬಿಟ್ಟು ಹೋಗಿರಬಹುದು ಎಂಬುದು ನಮ್ಮ ಯಾರ ತಲೆಗೂ ಬಂದಿರಲಿಲ್ಲ. ಆ ಪ್ರಕರಣ "ಉಳಿದವೂ ಹೀಗೆಯೇ" ಎಂಬ ಸಾಲಿನಡಿ ಹೋಗಿಬಿಟ್ಟಿತ್ತು. ಹುಡುಗಿಯ ತಪ್ಪಲ್ಲ. ಸಾಫ್ಟ್‌ವೇರಿನ ತಪ್ಪಲ್ಲ. ಪ್ರಮೇಯವೇ ಸುಳ್ಳು. ಹದಿನೆಂಟು ವರ್ಷದಿಂದ ಸುಳ್ಳು. ನನ್ನ ಬಾಗಿಲಿನ ಹಿತ್ತಾಳೆಯ ಹೆಸರಿನ ಕೆಳಗೆ ಇದ್ದದ್ದು ಬರೀ ಸುಳ್ಳು!

ಆಗ ನೋಡಿ, ಬೇಡವೆಂದರೂ ಒಂದು ನೆನಪು ಎದ್ದು ಬಂತು. ಭಾಷೆ ಕಟ್ಟುವ ಮೊದಲು ಸರ್ ನನ್ನನ್ನು ಒಂದು ದಿನ ಕೋಲ್ಡ್ ಸ್ಟೋರೇಜಿಗೆ ಕರೆದುಕೊಂಡು ಹೋಗಿದ್ದರು. ಬಾಗಿಲಲ್ಲಿ ಒಬ್ಬ ಹಿರಿಯ ಗುಮಾಸ್ತ ಕೂತಿದ್ದರು. ಚೀಟಿ ತಗೊಂಡು ಹಮಾಲರನ್ನು ಒಳಗೆ ಕಳಿಸುವಾಗ ಅವರು ಚೀಟಿಯನ್ನು ನಡುಮಟ ಮಾತ್ರ ಹರಿಯುತ್ತಿದ್ದರು. ಚೀಲ ಗೇಟು ದಾಟಿ ಗಾಡಿಗೆ ಏರಿದ ಮೇಲೆಯೇ ಪೂರ್ತಿ ಹರಿಯುವುದು. ನಾನು ಜಾಣತನ ಮಾಡಿ, "ಅರ್ಧ ಯಾಕ್ ಹರೀತೀರಿ? ಒಮ್ಮೆಲೆ ಹರದ್ರ ಆಗೂದಿಲ್ಲೇನ್ರಿ?" ಎಂದು ಕೇಳಿದ್ದೆ. ಅವರು ಕನ್ನಡಕದ ಮೇಲಿನಿಂದ ನೋಡಿ ಹೇಳಿದ್ದರು, "ಹಮಾಲ ಒಳಗ ಹೋಗ್ಯಾನ್ರಿ ತಂಗಿ. ಚೀಲ ಕೈಗೆ ಸಿಕ್ಕೈತೋ ಇಲ್ಲೋ, ನಡುವ ಕರೆಂಟ್ ಹೋತೋ ಏನೋ. ಚೀಲ ಈಗ ಒಳಗೂ ಇಲ್ಲ ಹೊರಗೂ ಇಲ್ಲ. ಅಂಥಾ ಹೊತ್ತಿಗೆ ಚೀಟಿನೂ ಹಂಗ ಇರಬೇಕಲ್ಲ." ಸರ್ ಪಕ್ಕದಲ್ಲೇ ನಿಂತಿದ್ದರು. ನಾವಿಬ್ಬರೂ ಅದನ್ನು ಹಳೇ ಕಾಲದವರ ಪದ್ಧತಿ ಎಂದುಕೊಂಡು ಮನೆಗೆ ಬಂದು, ಹರಿದ ಚೀಟಿ ಮತ್ತು ಹರಿಯದ ಚೀಟಿ, ಎರಡೇ ಎರಡು ಬಗೆ ಇಟ್ಟು ಭಾಷೆ ಕಟ್ಟಿದೆವು. ಎರಡು ಡಿಗ್ರಿ ಹೊತ್ತವರ ಕಣ್ಣ ಮುಂದೆಯೇ ಆ ಮನುಷ್ಯ ದಿನಕ್ಕೆ ನೂರು ಸಲ ನಮ್ಮ ತಪ್ಪನ್ನು ತಿದ್ದಿ ತೋರಿಸುತ್ತಿದ್ದ, ಅಯ್ಯೋ ಶಿವನೆ!

ಈಗ ನನ್ನ ಮುಖಕ್ಕೆ ನಾನೇ ಉಗಿದುಕೊಳ್ಳುವ ಮಾತು ಹೇಳಬೇಕು. ಅಷ್ಟು ತಿಳಿದ ಮೇಲೆ ನಾನು ರೇಣುಕಾಗೆ ಏನು ಹೇಳಬೇಕಿತ್ತು? ನೀವಾಗಿದ್ದರೆ ಹೇಳುತ್ತಿದ್ದಿರಿ. ನಾನು ಹೇಳಿದ್ದು ಇಷ್ಟು: "ನಾ ನೋಡ್ತೇನಿ, ನೀ ಹೋಗು. ಸದ್ಯ ಯಾರ ಮುಂದೂ ಬಾಯಿ ಬಿಡಬ್ಯಾಡ." ಅವಳು "ಹೂಂನ್ರಿ" ಎಂದು ಹೋದಳು. ಅವಳಿಗೆ ತಪ್ಪು ಯಾರದೆಂದು ನಾನು ಹೇಳಲಿಲ್ಲ. ಮೂರು ದಿನ ಹೇಳಲಿಲ್ಲ. ಆ ಮೂರು ದಿನ ನಾನು ಮಾಡಿದ್ದೇನೆಂದರೆ, ಒಂದು ಸಣ್ಣ ಷರತ್ತು ಬರೆದೆ. "ಕೆಲಸಗಳು ನಡುವೆ ಎಡವುವುದಿಲ್ಲ ಎಂದು ಭಾವಿಸಿದರೆ" ಎಂದು ಪ್ರಮೇಯದ ಮುಂದೆ ಒಂದು ತುಂಡು ಸೇರಿಸಿದರೆ ಎಲ್ಲ ಸರಿಯಾಗುತ್ತಿತ್ತು. ಎಡವದವರಿಗೆ "ಎಡವಿದರ" ಯಾಕೆ ಬೇಕು ಎಂದು ಯಾರೂ ಕೇಳಲಾರರು. ಕೇಳುವಷ್ಟು ಸೂಕ್ಷ್ಮವಾಗಿ ಯಾರು ಓದುತ್ತಾರೆ? ನಾನೇ ಓದಿರಲಿಲ್ಲ. ಬರೆದು, ಚಲೋ ಕಾಣುತ್ತದೆ ಎಂದು ಸಮಾಧಾನವೂ ಪಟ್ಟೆ. ರೇಣುಕಾ ಹೇಗೂ ಸೋಮವಾರ ರಾಣೆಬೆನ್ನೂರಿಗೆ ಹೋಗುತ್ತಾಳೆ, ಏಳು ಸಾಲೂ ಅವಳ ಜೊತೆ ಹೋಗುತ್ತವೆ ಎಂಬ ವಿಚಾರವೂ ಬಂತು. ಬಂದದ್ದು ಖರೇ. ಅದು ಬಂದ ಕೂಡಲೇ ನನ್ನನ್ನು ನಾನೇ ಕಂಡು ಗಾಬರಿಯಾದೆ. ಶುಕ್ರವಾರ ಸಂಜೆ ಸರ್‌ಗೆ ಫೋನು ಮಾಡಿ, ನಾಳೆ ಬರುತ್ತೇನೆ ಎಂದೆ. ಒಳಗೊಳಗೆ ಆಸೆ ಏನೆಂದರೆ, ಸರ್ ಆ ಷರತ್ತನ್ನು ನೋಡಿ "ಇರ್ಲಿ ಬಿಡು" ಅನ್ನಲಿ. ದೊಡ್ಡವರು ಒಪ್ಪಿದರೆ ಪಾಪ ಅರ್ಧ ಆಗುತ್ತದಲ್ಲ.

ರೇಣುಕಾಳನ್ನು ಕರೆದೊಯ್ಯುವ ವಿಚಾರ ಇರಲಿಲ್ಲ. ಆದರೆ ಲ್ಯಾಪ್‌ಟಾಪು ಅವಳದು. ಕೇಳಿದಾಗ ಅವಳು, "ಸರ್‌ನ ಒಮ್ಮೆ ನೋಡಬೇಕಂತ ಭಾಳ ದಿವಸದಿಂದ ಇತ್ರಿ. ಬಿಟ್ಟ ಹೋಗೂ ಮೊದ್ಲ ನಾನೂ ಬರ್ಲೇನ್ರಿ?" ಎಂದಳು. ಬೇಡ ಅನ್ನಲು ಬಾಯಿ ಬರಲಿಲ್ಲ.

ಶನಿವಾರ ಬ್ಯಾಡಗಿ. ಮೆಣಸಿನಕಾಯಿ ಹಂಗಾಮು, ಬಸ್ಸಿನಿಂದ ಇಳಿದ ಕೂಡಲೇ ಇಬ್ಬರೂ ಮೂಗಿಗೆ ಸೆರಗು, ದುಪಟ್ಟಾ ಹಿಡಿದೆವು. ಸರ್ ಈಗ ಬಹಳ ತೆಳ್ಳಗಾಗಿದ್ದಾರೆ. ಎರಡೂ ಕಣ್ಣಿನ ಪೊರೆ ತೆಗೆಸಿದ್ದಾರೆ, ದೊಡ್ಡ ಭೂತಗನ್ನಡಿ ಹಿಡಿದು ಓದುತ್ತಾರೆ. "ಬರ್ರಿ, ಬರ್ರಿ, ಕುಂದ್ರಿ" ಎಂದು ಹುಡುಗಿಗೂ ಬಹುವಚನ ಕೊಟ್ಟರು. ನಾನು ಸುತ್ತಿ ಬಳಸಿ ಮಾತು ಶುರು ಮಾಡಿದೆ: ಹೀಗೊಂದು ಸಣ್ಣ ತೊಡಕು, ದೊಡ್ಡದೇನಲ್ಲ, ಒಂದು ಷರತ್ತು ಹಾಕಿದರೆ ಹೋಗುವಂಥದ್ದು. ಸರ್ ಕೈ ಎತ್ತಿ ನನ್ನನ್ನು ನಿಲ್ಲಿಸಿ, "ಮೊದ್ಲ ತೋರ್ಸು" ಎಂದರು. ರೇಣುಕಾ ಲ್ಯಾಪ್‌ಟಾಪು ಅವರ ತೊಡೆಯ ಮೇಲೆ ಇಟ್ಟಳು.

ಏಳು ಸಾಲನ್ನು ಅವರು ಎಷ್ಟು ಹೊತ್ತು ಓದಿದರೆಂದರೆ ಚಾಚಿ ತಂದಿಟ್ಟ ಚಹಾದ ಮೇಲೆ ಕೆನೆ ಕಟ್ಟಿತು. ಭೂತಗನ್ನಡಿ ನಾಲ್ಕನೆಯ ಸಾಲಿಗೆ ಬಂದು ನಿಂತಿತು, ಹಿಂದೆ ಹೋಯಿತು, ಮತ್ತೆ ಬಂದು ನಿಂತಿತು. ಕೊನೆಗೆ ತಲೆ ಎತ್ತಿ, "ಇದನ್ನ ಯಾರ್ ಬರದಾರ?" ಎಂದರು.

"ನಾನ್ರಿ" ಎಂದಳು ರೇಣುಕಾ. ಬೈಸಿಕೊಳ್ಳಲು ತಯಾರಾಗಿ ಕೂತಂತಿದ್ದಳು.

"ಶಾಬಾಸ್ ಬೇಟಾ" ಎಂದರು ಸರ್. ಒಳಗೆ ಮುಖ ಮಾಡಿ, "ಸುನ್ತೇ ಕ್ಯಾ? ಹಮಾರಾ ಹಿಸಾಬ್ ಗಲತ್ ನಿಕ್ಲಾ!" ಎಂದು ಚಾಚಿಗೆ ಕೂಗಿ ಹೇಳಿದರು. ಲೆಕ್ಕ ತಪ್ಪಿದ್ದನ್ನು ಮನೆಗೆ ನೆಂಟರು ಬಂದಂತೆ ಕೂಗಿ ಹೇಳುವವರನ್ನು ನಾನು ನೋಡಿರಲಿಲ್ಲ. ಚಾಚಿ ಒಳಗಿನಿಂದಲೇ, "ಗಲತ್ ನಿಕ್ಲಾ ತೋ ಚಾಯ್ ಪೀಲೋ, ಠಂಡೀ ಹೋ ರಹೀ" ಎಂದರು.

ಚಹಾ ಆರುತ್ತಿದ್ದರೂ ಸರ್ ಮುಟ್ಟಲಿಲ್ಲ. ನನ್ನ ಕಡೆ ತಿರುಗಿದರು. ಈಗ ಷರತ್ತಿನ ಹಾಳೆ ತೆಗೆಯೋಣವೆಂದು ನಾನು ಚೀಲಕ್ಕೆ ಕೈ ಹಾಕಿದ್ದೆ.

"ತಂಗಿ, ನೀ ಕೇಳಿದ್ದಿ."

"ಏನ್ರಿ ಸರ್?"

"ಈ ಕೇಸು. ನೀ ಕೇಳಿದ್ದಿ ನನ್ನ. ಥೀಸಿಸ್ ಕೊಡೂ ಮೊದ್ಲಿನ ರವಿವಾರ. ಹಾಳಿ ಹಿಡ್ಕೊಂಡು ಅಲ್ಲೇ, ಆ ಬಾಗ್ಲಾಗ ನಿಂತಿದ್ದಿ. 'ಸರ್, ಎಡವಿದ ಕೇಸು ಬ್ಯಾರೆ ಕಾಣ್ತೈತ್ರಿ' ಅಂದಿದ್ದಿ. ನನಗ ಅವತ್ತ ಅಣ್ಣನ ಮನ್ಯಾಗ ಲಗ್ನ ಇತ್ತು, ಗಾಡಿ ಬಂದ ನಿಂತಿತ್ತು. 'ಅದೂ ಹಂಗ ಐತಿ, ಬರಿ' ಅಂದು ಹ್ವಾದೆ. ಹಾಳಿ ಕೈಗೂ ತಗೊಳ್ಳಿಲ್ಲ." ಭೂತಗನ್ನಡಿ ಕೆಳಗಿಟ್ಟು ಹೇಳಿದರು, "ಎಲ್ಲಾ ಸಾಲಿಗೂ ಯಾಕ ಯಾಕ ಅಂದ ಕೇಳಿದಾಂವ, ಅದೊಂದ ಸಾಲಿಗೆ ಕೇಳ್ಲಿಲ್ಲ ನೋಡು. ತಪ್ಪು ನಂದು. ಮಾಫ್ ಮಾಡು."

ನನಗೆ ನೆನಪೇ ಇಲ್ಲ! ದೇವರಾಣೆ ಹೇಳುತ್ತೇನೆ, ಕೇಳಿದ್ದು, ಬಾಗಿಲಲ್ಲಿ ನಿಂತದ್ದು, ಹಾಳೆ ಹಿಡಿದದ್ದು ಒಂದೂ ನೆನಪಿಲ್ಲ. "ಉಳಿದವೂ ಹೀಗೆಯೇ" ಎಂಬ ಆ ಸಾಲನ್ನು ನನ್ನ ಮೈಗಳ್ಳತನದಿಂದ ನಾನೇ ಬರೆದೆ ಎಂದು ಮೂರು ದಿನದಿಂದ ನನ್ನನ್ನೇ ಬೈದುಕೊಂಡಿದ್ದೆ. ನನಗೆ ಆಗಲೇ ಅನುಮಾನ ಬಂದಿತ್ತೇ? ಬೇರೆ ಕಾಣಿಸಿತ್ತೇ? ಕಾಣಿಸಿದ್ದು ಎಲ್ಲಿ ಹೋಯಿತು? ಸರ್ "ಹಂಗ ಐತಿ" ಎಂದರು, ನನ್ನ ಕಣ್ಣಿಗೂ ಅದು ಹಾಗೇ ಕಾಣತೊಡಗಿತು. ಬೇರೆ ಕಂಡಿತ್ತು ಎಂಬುದೇ ಅಳಿಸಿಹೋಯಿತು. ಒಂದು ಮಾತಿಗೆ ಇಷ್ಟು ಶಕ್ತಿ ಇರುತ್ತದೆಯೇ? ಅಪ್ಪನ ವಯಸ್ಸಿನವರು ನನ್ನ ಕಡೆ ಕೈ ಮುಗಿದಂತೆ ಕೂತಿದ್ದರು. ನನ್ನ ಮಗ್ಗುಲಲ್ಲಿ ಒಬ್ಬಳು ಕೂತಿದ್ದಳು. ಅವಳೂ ಬಂದು ಕೇಳಿದ್ದಳು, ನಾನೂ ತಲೆ ಎತ್ತಿರಲಿಲ್ಲ.

ಚೀಲದಿಂದ ಕೈ ಹೊರಗೆ ತೆಗೆದೆ. "ರೇಣುಕಾ," ಎಂದೆ. "ತಪ್ಪು ನಿಂದಲ್ಲ. ಮಂಗಳವಾರನ ನನಗ ಗೊತ್ತಾಗಿತ್ತು. ನಿನಗ ಹೇಳ್ಲಿಲ್ಲ. ಹ್ವಾದ ವರ್ಷ ನೀ ಬಂದ ಕೇಳಿದಾಗೂ ನಾ ನೋಡ್ಲಿಲ್ಲ. ತಪ್ಪು ನಂದು."

ಅವಳು "ಇರ್ಲಿ ಬಿಡ್ರಿ ಮೇಡಂ" ಅನ್ನುತ್ತಾಳೆ ಎಂದುಕೊಂಡಿದ್ದೆ. ನಮ್ಮ ಕಡೆಯ ಹುಡುಗಿಯರು ಹಾಗೇ ಅನ್ನುವುದು. ಅವಳು ಅನ್ನಲಿಲ್ಲ. ನನ್ನನ್ನು ನೆಟ್ಟಗೆ ನೋಡಿದಳು. ಅವಳು ಹಾಗೆ ನೋಡಿದ್ದು ಅದೇ ಮೊದಲು.

"ಒಂದ್ ವರ್ಷ ಆತ್ರಿ ಮೇಡಂ. ನಾ ದಡ್ಡಿ ಅದೇನಿ ಅಂತ ಖರೇನ ನಂಬಿದ್ದೆರಿ. ಮನ್ಯಾಗ ಅವ್ವನ ಮುಂದೂ ಹಂಗ ಹೇಳೇನ್ರಿ."

ಅಷ್ಟೇ. ಅಳಲಿಲ್ಲ. ಸರ್ ನನ್ನ ನೆರವಿಗೆ ಬರಲಿಲ್ಲ, ಚಾಚಿಯೂ ಬರಲಿಲ್ಲ. ಕಪಾಳಕ್ಕೆ ಹೊಡೆಸಿಕೊಂಡವಳಂತೆ ಕೂತೆ. ಹೊರಗೆ ಪೇಟೆಯಲ್ಲಿ ಗಾಡಿಗಳು ಹಾರ್ನು ಬಾರಿಸುತ್ತಿದ್ದವು. ಹೊರಡುವಾಗ ಸರ್ ಅಟ್ಟದಿಂದ ತಮ್ಮ ಪ್ರತಿಯನ್ನು ತೆಗೆಸಿ ನನ್ನ ಕೈಗಿಟ್ಟು, "ತಿದ್ದುಪಡಿ ಬರೀಬೇಕಲ್ಲ, ಇದನ್ನೂ ನೋಡು" ಎಂದರು. ದಾರಿಯುದ್ದಕ್ಕೂ ರೇಣುಕಾ ಕಿಟಕಿಯ ಕಡೆ ಕೂತಿದ್ದಳು, ನಾನು ಈಚೆ. ಹಾವೇರಿಯಲ್ಲಿ ಗುತ್ತಲದ ಬಸ್ಸು ಹತ್ತುವಾಗ ಸೋಮವಾರ ಏನು ಮಾಡುತ್ತಿ ಎಂದು ಕೇಳಬೇಕೆಂದುಕೊಂಡೆ, ಕೇಳುವ ಹಕ್ಕು ಇದೆ ಎನ್ನಿಸಲಿಲ್ಲ.

ನಿನ್ನೆ ರವಿವಾರ ಇಡೀ ದಿನ ಕೂತು ಜರ್ನಲ್ಲಿಗೆ ಪತ್ರ ಬರೆದೆ. ಷರತ್ತಿನ ಹಾಳೆಯನ್ನು ಹರಿದು ಬಚ್ಚಲ ಒಲೆಗೆ ಹಾಕಿದೆ. ನಮ್ಮ ಪ್ರಮೇಯ ಸುಳ್ಳು, ಸುಳ್ಳೆಂದು ಕಂಡುಹಿಡಿದವಳು ರೇಣುಕಾ, ಒಂದು ವರ್ಷದ ಹಿಂದೆಯೇ ಅವಳು ಹೇಳಿದರೂ ನಾನು ಕೇಳಲಿಲ್ಲ ಎಂದು ಬರೆದೆ. ಮೊದಲ ಹೆಸರು ಅವಳದು ಹಾಕಿದೆ. ನಿಯಮವನ್ನು ಹೇಗೆ ತಿದ್ದಬೇಕೆಂದೂ ಬರೆದು, ಜರ್ನಲ್ಲಿಗೆ ಕಳಿಸುವ ಮೊದಲು ಅವಳಿಗೆ ಕಳಿಸಿದೆ. ಉತ್ತರ ಬರಲಿಲ್ಲ. ಇವತ್ತು ಮುಂಜಾನೆ ಸರ್ ಪ್ರತಿ ತೆರೆದು ಸೀನುತ್ತಾ ಪುಟದ ನಂಬರು ಹುಡುಕುತ್ತಿದ್ದಾಗ, ಅವಳು ಈ ಹೊತ್ತಿಗೆ ರಾಣೆಬೆನ್ನೂರಿನಲ್ಲಿ ಬೀಜದ ಪಾಕೀಟಿನ ಮುಂದೆ ಕೂತಿದ್ದಾಳೆ ಎಂದೇ ತಿಳಿದಿದ್ದೆ.

ಹತ್ತೂವರೆಗೆ ಬಾಗಿಲಲ್ಲಿ ರೇಣುಕಾ ನಿಂತಿದ್ದಳು. ಕೈಯಲ್ಲಿ ನನ್ನ ಪತ್ರದ ಪ್ರಿಂಟು.

"ರಾಣೆಬೆನ್ನೂರಿಗೆ ಹೋಗ್ಲಿಲ್ಲೇನು?" ಎಂದೆ.

"ಹೋಗೂದೋ ಬಿಡೂದೋ ಆಮ್ಯಾಲೆ ನೋಡೂಣ್ರಿ. ಮಧ್ಯಾಹ್ನ ಮಟ ಟೈಮ್ ಕೇಳೇನಿ ಅವರ್ನ." ನಾನು ಕರೆಯುವ ಮೊದಲೇ ಒಳಗೆ ಬಂದು, ನನ್ನ ಮುಂದಿನ ಕುರ್ಚಿ ಎಳೆದು ಕೂತಳು. ಪ್ರಿಂಟನ್ನು ನನ್ನ ಕಡೆ ತಿರುಗಿಸಿಟ್ಟು ಎರಡನೆಯ ಪುಟದ ನಡುವೆ ಬೆರಳಿಟ್ಟಳು.

"ಮೇಡಂ, ನೀವು ತಿದ್ದಿದ ನಿಯಮದಾಗೂ ಒಂದ್ ತಪ್ಪೈತ್ರಿ. ನಂದಲ್ಲ. ನಿಮ್ದ."

ಕನ್ನಡಕ ಹಾಕಿಕೊಂಡು ಅವಳ ಬೆರಳು ಇದ್ದಲ್ಲಿ ಓದಿದೆ, ಎರಡು ಸಲ ಓದಿದೆ. ಅವಳು ಹೇಳಿದ್ದು ಖರೇ ಇತ್ತು.